ಒಂಟಿ ಸೀನು

ತಿಗನಾರೆಯ ನಮ್ಮ ಮನೆಯ ಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದವು ದನಗಳು, ಆಮೇಲೆ ನಾವು. ದನ ಕಟ್ಟುವ ಗೊಂತಿನ ಪಕ್ಕದಲ್ಲಿ ಸಗಣಿ ತುಳಿಯದ ಹಾಗೆ ಹುಷಾರಾಗಿ ನಡೆದು ಒಂದು ಮೆಟ್ಟಿಲು ಹತ್ತಿದರೆ ನಾವು ಉಣ್ಣುವ, ಮಲಗುವ, ಜಗಳವಾಡುವ ನಡುಮನೆ. ಅದರ ಮೂಲೆಯಲ್ಲಿ ಮೋಟುಗೋಡೆಯ ಮರೆಗೆ ಒಲೆ. ಮನೆಯ ಹಿಂದೆ ರಾಗಿ ಹೊಲ, ಹೊಲದಾಚೆ ಕಾಡು. ದೀಪ ಹಚ್ಚುವ ಹೊತ್ತಿಗೆ ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊಲದ ಅಟ್ಟಣೆಗೆ ಕಾವಲು ಹೋಗುತ್ತಿದ್ದ. ಹಂದಿ ಬಂದರೆ ತಗಡು ಬಡಿದು ಓಡಿಸಬಹುದು, ಆನೆ ಬಂದರೆ ಮೊದಲೇ ಗೊತ್ತಾಗಬೇಕು. ಮನೆಯಲ್ಲಿ ಮಗು ಚೀರುತ್ತಿದ್ದರೆ ಅಟ್ಟಣೆಯ ಮೇಲೆ ಕೂತವನಿಗೆ ಕಾಡಿನ ಕಡೆಯ ಸದ್ದು ಕೇಳುವುದಿಲ್ಲ. ಆದ್ದರಿಂದ ಅಪ್ಪ ಹೊರಡುವುದರೊಳಗೆ ಚಿಕ್ಕ ಮಕ್ಕಳು ಉಂಡು ಮಲಗಿರಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ಅವ್ವ ಇದ್ದಷ್ಟು ಕಾಲ ಈ ಕಟ್ಟಳೆ ತಾನಾಗಿ ನಡೆಯುತ್ತಿತ್ತು. ಅದನ್ನು ಯಾರೋ ನಡೆಸುತ್ತಿದ್ದಾರೆ ಎಂಬುದೇ ನಮಗೆ ತಿಳಿದಿರಲಿಲ್ಲ.

ನಾನು ಎಂಟು ವರ್ಷದವಳಾಗಿದ್ದಾಗ ಅವ್ವ ಮಳೆಗಾಲದ ಜ್ವರದಲ್ಲಿ ಹೋದಳು. ತಮ್ಮ ಮಾದೇವನಿಗೆ ಆಗ ಮೂರು ವರ್ಷ ಸರಿಯಾಗಿ ತುಂಬಿರಲಿಲ್ಲ, ತಂಗಿ ಗೌರಿ ಗೋಡೆ ಹಿಡಿದು ನಡೆಯುವುದನ್ನು ಬಿಟ್ಟು ಬರಿಗೈಲಿ ನಡೆಯುತ್ತಿದ್ದಳು. ಅವರಿಬ್ಬರೂ ಅವ್ವನನ್ನು ಕೇಳಿ ಅತ್ತದ್ದು ಕಡಿಮೆ. ಆದರೆ ಬಾಯಿ ಮುಚ್ಚಿಬಿಟ್ಟರು. ಗಂಜಿಯೂ ಬೇಡ, ಹಾಲೂ ಬೇಡ. ಯಾರು ತುತ್ತು ಹಿಡಿದರೂ ತುಟಿ ಒತ್ತಿ ಮುಖ ತಿರುಗಿಸುತ್ತಿದ್ದರು. ಹಸಿವು ತಡೆಯಲಾರದೆ ಹೋದಾಗ ನೆಲದ ಮೇಲೆ ಬಿದ್ದದ್ದನ್ನು ತಾವೇ ಹೆಕ್ಕಿಕೊಂಡು ತಿನ್ನುತ್ತಿದ್ದರು. ತಿಥಿಯ ದಿನ ಗೆಟ್ಟವಾಡಿಯ ಅಜ್ಜಿ, ಅಂದರೆ ಅವ್ವನ ಅವ್ವ, ಇದನ್ನು ಕಣ್ಣಾರೆ ಕಂಡಳು. ಅವತ್ತೇ ಅಪ್ಪನ ಅಕ್ಕ ಪುಟ್ಟತಾಯಿ ಒಂದು ತಗಡಿನ ಪೆಟ್ಟಿಗೆ ತಂದು ನಮ್ಮ ನಡುಮನೆಯಲ್ಲಿ ಇಟ್ಟಿದ್ದಳು. ಗಂಡ ತೀರಿಕೊಂಡು, ಮಕ್ಕಳಿಲ್ಲದೆ, ಗಂಡನ ಮನೆಯವರ ದನ ನೋಡಿಕೊಂಡು ಇದ್ದವಳು. ಅಜ್ಜಿ ಆ ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು.

“ನೋಡಪ್ಪ, ಚಿಕ್ಕವೆರಡ್ನೂ ನಾ ಕರ್ಕೊಂಡೋಯ್ತೀನಿ. ದೊಡ್ಡೋಳು ನಿನ್ತಾವೇ ಇರ್ಲಿ, ನೀರು ನಿಡಿ ತರಕಾಯ್ತಳೆ. ನಿಮ್ಮಕ್ಕ ಐಕಳ ಸಾಕ್ದೋಳಲ್ಲ. ಬ್ಯಾಸ್ರ ಮಾಡ್ಕಬ್ಯಾಡ, ಇದ್ದುದ್ದ ಯೋಳ್ತಾವ್ನಿ.”

ಅಪ್ಪ ಆ ಪೆಟ್ಟಿಗೆಯನ್ನು ಗೋಡೆಯ ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ:

“ಗುಮಟಾಪುರದ ಗೊರೆ ಅಬ್ಬ ಕಳೀಲಿ. ಅಲ್ಲೀಗಂಟ ಅಕ್ಕ ನೋಡ್ಲಿ. ಆಮೇಲೂ ಉಣ್ದೆ ಸೊರಗಿದ್ರೆ ನೀವೇ ಕರ್ಕೊಂಡೋಗಿ, ನಾ ಬ್ಯಾಡ ಅನ್ನಕಿಲ್ಲ.”

ಗೊರೆ ಹಬ್ಬ ದೀಪಾವಳಿಯ ಬೆನ್ನಿಗೇ ಬರುತ್ತದೆ. ಗಂಡಸರು ಸಗಣಿ ಗುಡ್ಡೆ ಹಾಕಿಕೊಂಡು ಒಬ್ಬರಿಗೊಬ್ಬರು ಎರಚಾಡುವ ಹಬ್ಬ. ಅದು ಹತ್ತಿರದಲ್ಲೇ ಇತ್ತು. ನನಗೆ ಅರ್ಥವಾದದ್ದು ಒಂದೇ. ಅತ್ತೆ ಈ ಇಬ್ಬರ ಬಾಯಿ ತೆರೆಸದಿದ್ದರೆ ಅವ್ವನ ಜೊತೆಗೆ ತಮ್ಮ ತಂಗಿಯೂ ಹೋಗುತ್ತಾರೆ, ಆ ಮನೆಯಲ್ಲಿ ನಾನು, ಅಪ್ಪ, ದನಗಳು ಉಳಿಯುತ್ತೇವೆ. ಇವತ್ತಿಗೂ ಬಸ್ಸು ಹೊರಡುವ ಸದ್ದು ಕೇಳಿದರೆ ಆ ಭಯ ಬರುತ್ತದೆ.

ಅತ್ತೆಗೆ ಗೊತ್ತಿದ್ದದ್ದು ದನ ಸಾಕುವ ಕ್ರಮ. ಮಕ್ಕಳನ್ನೂ ಅದೇ ಕ್ರಮದಲ್ಲಿ ಹಿಡಿದಳು. ಎದ್ದ ಕೂಡಲೇ ಹೊರಗೆ ಬಿಡುವುದು, ನೀರು ತೋರಿಸುವುದು, ಮೈ ತಿಕ್ಕುವುದು, ಬಿಸಿಲಿಗೆ ಕಟ್ಟುವುದು, ಹೊತ್ತು ಇಳಿಯುವ ಮೊದಲು ಒಳಗೆ ಹೊಡೆದುಕೊಳ್ಳುವುದು. ಕಟ್ಟುವುದು ಅಂದರೆ ನಿಜವಾಗಿ ಕಟ್ಟುವುದೇ. ಅವ್ವನ ಹಳೆಯ ಸೀರೆಯನ್ನು ಉದ್ದಕ್ಕೆ ಹರಿದು ಒಂದು ತುದಿ ಜಗಲಿಯ ಕಂಬಕ್ಕೆ, ಇನ್ನೊಂದು ತುದಿ ಗೌರಿಯ ಸೊಂಟಕ್ಕೆ. ಗೌರಿ ಕಂಬವನ್ನು ಸುತ್ತಿ ಸುತ್ತಿ, ಸೀರೆಯೆಲ್ಲ ಮುಗಿದು, ಕಂಬಕ್ಕೆ ಮುಖ ಒತ್ತಿಕೊಂಡು ನಿಂತು ಕಿರುಚುವಳು. ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಅವಳನ್ನು ಹಿಂದಕ್ಕೆ ಸುತ್ತಿಸುವಳು. ಗೌರಿಗೆ ಅದೇ ಒಳ್ಳೆಯ ಆಟವಾಗಿ ಕಂಡು ಮತ್ತೆ ಮುಂದಕ್ಕೆ ಸುತ್ತುವಳು. ದನಗಳಿಗೆ ಇಂಥ ಬುದ್ಧಿ ಇಲ್ಲ ಎಂದು ಅತ್ತೆ ಗೊಣಗುತ್ತಿದ್ದಳು. ಮಾದೇವನ ಕಥೆ ಇನ್ನೊಂದು. ಸ್ನಾನದ ನೀರು ಕಾದ ಹೊಗೆ ಕಂಡರೆ ಅವನು ರಾಗಿ ಗುಡಾಣದ ಹಿಂದೆ. ಹೊರಗೆ ಎಳೆದರೆ ಒಂದು ಷರತ್ತು: ಮೊದಲು ಕರುವಿಗೆ ಸ್ನಾನ ಆಗಬೇಕು. ಅತ್ತೆ ಕರುವಿಗೆ ಒಂದು ಚೊಂಬು ಸುರಿದಳು. ಮರುದಿನ ಕರುವಿನ ಜೊತೆಗೆ ಕೋಳಿ ಪಂಜರಕ್ಕೂ ಸುರಿಯಬೇಕಾಯಿತು. ಅದರ ಮಾರನೆಯ ದಿನ ಅವನ ಬೆರಳು ಮೂಲೆಯಲ್ಲಿ ನಿಲ್ಲಿಸಿದ್ದ ಒನಕೆಯ ಕಡೆ ಹೋಯಿತು.

“ಒನ್ಕೆಗೂ ಉಯ್ಯಿ, ಅತ್ತೆ.”

“ಒನ್ಕೆ ಏನ್ಲಾ ಮಣ್ಣಲ್ಲಿ ಒಳ್ಳಾಡಿತ್ತಾ?”

“ಊಂ.”

ಅತ್ತೆ ಒನಕೆಗೆ ನೀರು ಹುಯ್ಯುತ್ತಿದ್ದಾಗಲೇ ನೆರೆಮನೆಯವಳು ಬೆಂಕಿಗೆಂದು ಬಂದಳು. ನಿಂತು ನೋಡಿ, ಏನೂ ಕೇಳದೆ, ಬೆಂಕಿಯನ್ನೂ ಕೇಳದೆ ಹಿಂದಕ್ಕೆ ಹೋದಳು. ಅತ್ತೆ ನನ್ನ ಕಡೆ ತಿರುಗಿ, “ನಾಳೀಕೆ ಊರೆಲ್ಲ ನನಗೆ ಉಚ್ಚು ಇಡೀತು ಅಂತದೆ ಕಣಮ್ಮಿ,” ಅಂದಳು. ಅವ್ವ ಸತ್ತ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ. ನಗು ಬಂದದ್ದಕ್ಕೆ ನನಗೇ ನಾಚಿಕೆಯಾಗಿ ಗೊಂತಿನ ಕಡೆ ಹೋಗಿ ನಿಂತೆ.

ಸ್ನಾನ, ನಿದ್ದೆ ಎಲ್ಲವನ್ನೂ ಹೀಗೆ ಕೊಸರಾಡಿ ಗೆದ್ದಳು. ಊಟ ಮಾತ್ರ ಅವಳ ಕೈಗೆ ಬರಲಿಲ್ಲ. ಹಿಟ್ಟಿನ ಮುದ್ದೆ ಚಿಕ್ಕದು ಮಾಡಿದಳು, ದೊಡ್ಡದು ಮಾಡಿದಳು, ಬೆಲ್ಲ ಸವರಿದಳು, ಕಾಗೆ ತೋರಿಸಿದಳು, ಹೆದರಿಸಿದಳು, ಕೊನೆಗೆ ತಾನೂ ಉಣ್ಣದೆ ಕೂತಳು. ಅವರಿಬ್ಬರ ತುಟಿ ಅಂಟಿದ್ದು ಬಿಡಲಿಲ್ಲ. ಒಂದು ದಿನ ಹುರುಳಿಕಾಳಿನ ಸಾರಿಗೆ ಒಣಮೆಣಸಿನಕಾಯಿ ಹುರಿದಿದ್ದಳು. ಘಾಟು ಮನೆಯೆಲ್ಲ ತುಂಬಿತ್ತು. ತುತ್ತು ಹಿಡಿದು ಮಾದೇವನ ಮುಂದೆ ಕೂತವಳಿಗೆ ಸೀನು ಬಂತು. ಅತ್ತೆಯ ಸೀನು ಅಂದರೆ ಸಾಮಾನ್ಯವಲ್ಲ, ಗೊಂತಿನಲ್ಲಿ ಮಲಗಿದ್ದ ಎತ್ತು ಎದ್ದು ನಿಂತಿತು. ಮಾದೇವ ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಬಾಯಿ ತೆರೆದ. ಅವನು ತೆರೆದದ್ದನ್ನು ಕಂಡು ಗೌರಿಯೂ ತೆರೆದಳು. ಅತ್ತೆ ಒಂದೊಂದು ತುತ್ತು ಇಟ್ಟಳು. ಇಬ್ಬರೂ ನುಂಗಿದರು.

ಮಾರನೆಯ ದಿನ ಮತ್ತೆ ತುಟಿ ಮುಚ್ಚಿತು. ಗೌರಿ ಅತ್ತೆಯ ಮೂಗಿನ ಮೇಲೆ ಬೆರಳಿಟ್ಟು “ಆಕ್ಷಿ” ಅಂದಳು. ಮಕ್ಕಳಿಗೆ ಕ್ರಮ ಕಲಿಸುತ್ತೇವೆ ಎಂದು ದೊಡ್ಡವರು ಅಂದುಕೊಳ್ಳುತ್ತಾರೆ. ನಾನು ಕಂಡ ಮಟ್ಟಿಗೆ ಕ್ರಮದ ವಿಷಯದಲ್ಲಿ ಎರಡು ವರ್ಷದ ಮಗುವಿನಷ್ಟು ಬಿಗಿಯಾದ ಮನುಷ್ಯ ಇನ್ನೊಬ್ಬನಿಲ್ಲ. ದೇವಸ್ಥಾನದ ಪೂಜಾರಿಯೂ ಅವಸರದಲ್ಲಿ ಒಂದು ಮಂತ್ರ ಬಿಟ್ಟಾನು, ಅದು ಬಿಡುವುದಿಲ್ಲ. ಅತ್ತೆ ಸುಳ್ಳು ಸೀನು ಸೀನಿದಳು. ಅಷ್ಟಕ್ಕೆ ಮುಗಿಯಲಿಲ್ಲ. ಮಾದೇವ ತಲೆ ಅಲ್ಲಾಡಿಸಿ “ಅಂಗಲ್ಲ” ಅಂದ. ಸಣ್ಣಗೆ ಸೀನಿದಳು. “ಅಂಗಲ್ಲ.” ಅವನು ಅವಳ ಸೆರಗು ಎಳೆದು ಮೂಗಿಗೆ ಒತ್ತಿದ. ಗೌರಿ ಅವಳ ಗಲ್ಲ ಹಿಡಿದು ಗೋಡೆಯ ಕಡೆ ತಿರುಗಿಸಿದಳು. ದಿನಕ್ಕೊಂದು ತಿದ್ದುಪಡಿ. ನಾನು ಸೀನಿದರೆ ಒಪ್ಪಿಗೆಯಿಲ್ಲ. ಅಪ್ಪ ಒಂದು ಸಲ ಸೀನಿದ್ದಕ್ಕೆ ಗೌರಿ ಹೆದರಿ ಅತ್ತೇಬಿಟ್ಟಳು. ಎರಡು ಸಲ ಸೀನಿದರೂ ಆಗದು, ಒಂದೇ ಆಗಬೇಕು. ಒಂದು ಸಂಜೆ ಅತ್ತೆ ಸೋತುಹೋಗಿ, ಸೀನಿದ ಮೇಲೆ “ಮಾದಪ್ಪಾ” ಎಂದು ನಿಟ್ಟುಸಿರು ಬಿಟ್ಟಳು. ನಮ್ಮ ಕಡೆಯವರಿಗೆಲ್ಲ ಬಾಯಿಗೆ ಬರುವ ದೇವರ ಹೆಸರು. ಮಕ್ಕಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅಲ್ಲಿಂದ ಮುಂದೆ ಅದೂ ಕಟ್ಟಳೆಗೆ ಸೇರಿತು. ಸೆರಗು, ಗೋಡೆ, ಸಣ್ಣ ಸೀನು, ಮಾದಪ್ಪಾ, ಆಮೇಲೆ ತುತ್ತು. ಒಂದು ತಪ್ಪಿದರೂ ಮೊದಲಿಂದ ಆಗಬೇಕು. ಆದರೆ ಉಣ್ಣುತ್ತಿದ್ದರು. ಅಪ್ಪ ಅಟ್ಟಣೆಗೆ ಹೊರಡುವ ಹೊತ್ತಿಗೆ ಇಬ್ಬರೂ ಹೊಟ್ಟೆ ತುಂಬಿ ಮಲಗಿರುತ್ತಿದ್ದರು. ಗೌರಿಯ ಕೆನ್ನೆ ಮತ್ತೆ ತುಂಬಿಕೊಂಡಿತು.

ಇದರಲ್ಲಿ ಒಂದು ತೊಡಕಿತ್ತು. ಒಂಟಿ ಸೀನು ಅಪಶಕುನ. ಕೆಲಸ ಶುರು ಮಾಡುವಾಗ ಯಾರಾದರೂ ಒಂದೇ ಸಲ ಸೀನಿದರೆ ಕೂತು, ನೀರು ಕುಡಿದು, ಆಮೇಲೆ ಏಳುತ್ತಾರೆ. ಜೋಡಿ ಸೀನಾದರೆ ದೋಷವಿಲ್ಲ. ಈ ವಿಷಯದಲ್ಲಿ ಗೆಟ್ಟವಾಡಿಯ ಅಜ್ಜಿಯನ್ನು ಮೀರಿಸುವವರಿರಲಿಲ್ಲ. ಯಾರೋ ಒಂಟಿ ಸೀನು ಸೀನಿದರೆಂದು ಬಂದ ಬಸ್ಸನ್ನೇ ಬಿಟ್ಟು ಮನೆಗೆ ವಾಪಸಾದವಳು ಅವಳು. ಅತ್ತೆಗೂ ಈ ನಂಬಿಕೆ ಕಡಿಮೆಯೇನಿರಲಿಲ್ಲ. ಗಂಡ ಸತ್ತವಳು ಎದುರು ಬಂದರೇ ಜನ ದಾರಿ ಬಿಟ್ಟು ನಡೆಯುತ್ತಾರೆ. ಅಂಥವಳು ತಾಯಿಯಿಲ್ಲದ ಮಕ್ಕಳ ಮುಂದೆ ದಿನಾ ಒಂಟಿ ಸೀನು ಸೀನುವುದು ಅಂದರೆ ಏನು ಎಂಬುದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಬ್ಬ ಹತ್ತಿರವಾದಂತೆ ಅಪ್ಪ ಒಂದು ದಿನ ಒಲೆಯ ಹತ್ತಿರ ಬಂದು ಕೂತ.

“ಅಕ್ಕ, ಅವ್ರು ಬಂದಾಗ ಮಾತ್ರ ಸೀನ್ಬ್ಯಾಡ ಕಣೆ. ಆವಮ್ಮ ಒಪ್ಪಕಿಲ್ಲ.”

“ಸೀನ್ದಿದ್ರೆ ಐಕಳು ಉಣ್ಣಕಿಲ್ವಲ್ಲೋ.”

“ಒಂದಿನ ಎಂಗಾದ್ರೂ ಉಣ್ಸು.”

ಆ ದಿನದಿಂದ ಅತ್ತೆ ಸೀನು ಬಿಡಿಸುವ ಪ್ರಯತ್ನ ಮಾಡಿದಳು, ಕೆಮ್ಮಿದಳು, ಚಪ್ಪಾಳೆ ತಟ್ಟಿದಳು, ಹಾಡಿದಳು. ಕಟ್ಟಳೆ ಅಲುಗಲಿಲ್ಲ.

ಗೊರೆ ಹಬ್ಬಕ್ಕೆ ಅಪ್ಪ ಮಾದೇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಮಟಾಪುರಕ್ಕೆ ಹೋಗಿ ಬಂದ. ಆ ಯೋಚನೆ ಅವನಿಗೆ ಯಾಕೆ ಬಂತೋ, ಇವತ್ತಿಗೂ ನನಗೆ ಅಪ್ಪನ ಮೇಲೆ ಆ ಒಂದು ವಿಷಯಕ್ಕೆ ಸಿಟ್ಟಿದೆ. ಮರುದಿನ ಅಜ್ಜಿ ಬರುವ ದಿನ. ಅತ್ತೆ ಬೆಳಿಗ್ಗೆಯೇ ಕರುವಿಗೆ, ಪಂಜರಕ್ಕೆ, ಒನಕೆಗೆ ನೀರು ಹುಯ್ದು, ಮಕ್ಕಳ ಮೈ ತಿಕ್ಕಿ, ತಲೆಗೆ ಎಣ್ಣೆ ಹಚ್ಚಿ, ಒಗೆದ ಬಟ್ಟೆ ತೊಡಿಸಿ ಜಗಲಿಯ ಮೇಲೆ ಕೂರಿಸಿ ಒಳಗೆ ಹೋದಳು. ನಾನು ನೀರಿಗೆ ಹೋಗಿದ್ದೆ. ಬಿಂದಿಗೆ ಹೊತ್ತು ಬರುವಾಗ ಬಸ್ಸಿಳಿದ ಅಜ್ಜಿ ನನ್ನ ಮುಂದೆಯೇ ನಡೆಯುತ್ತಿದ್ದಳು. ಇಬ್ಬರೂ ಒಟ್ಟಿಗೆ ಬೇಲಿ ದಾಟಿದೆವು. ತಿಪ್ಪೆಯ ಹತ್ತಿರ ಎರಡು ಹಸಿರು ಮೂರ್ತಿಗಳು ಓಡಾಡುತ್ತಿದ್ದವು. ಕಣ್ಣು ಮತ್ತು ಹಲ್ಲು ಬಿಟ್ಟರೆ ಮಿಕ್ಕದ್ದೆಲ್ಲ ಸಗಣಿ. ಮಾದೇವ ತಾನು ಕಂಡ ಹಬ್ಬವನ್ನು ತಂಗಿಗೆ ಶಾಸ್ತ್ರೋಕ್ತವಾಗಿ ಕಲಿಸುತ್ತಿದ್ದ. ಅಜ್ಜಿಯನ್ನು ಕಂಡ ಸಂತೋಷಕ್ಕೆ ಗೌರಿ ಕೈಯಲ್ಲಿದ್ದದ್ದನ್ನು ಅವಳ ಸೀರೆಯ ಮೇಲೆಯೇ ಎಸೆದಳು.

“ಇದೇಯಾ ನೀವು ಐಕಳ ಸಾಕಿರ ಚೆಂದ?”

ಅಜ್ಜಿ ಕೂಗಲಿಲ್ಲ, ಮೆಲ್ಲಗೇ ಹೇಳಿದಳು. ಕೂಗಿದ್ದರೆ ವಾಸಿಯಾಗಿತ್ತು. ಅತ್ತೆ ಒಳಗಿಂದ ಓಡಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಮಕ್ಕಳನ್ನು ಮತ್ತೆ ತೊಳೆಯುವಾಗ ಮಾದೇವ ಕರುವನ್ನೂ ಒನಕೆಯನ್ನೂ ಕೇಳಿದ. ಅತ್ತೆ ತಲೆ ತಗ್ಗಿಸಿಕೊಂಡು ಎಲ್ಲಕ್ಕೂ ಇನ್ನೊಂದು ಸಲ ನೀರು ಹುಯ್ದಳು. ಅಜ್ಜಿ ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು.

“ಉಣ್ಸವ್ವ. ಉಣ್ಣಾದ ನೋಡ್ಬುಟ್ಟು ಓಯ್ತೀನಿ,” ಅಂದಳು ಅಜ್ಜಿ. ಓಯ್ತೀನಿ ಅಂದರೆ ಒಬ್ಬಳೇ ಅಲ್ಲ ಎಂದು ನನಗೆ ಗೊತ್ತಾಯಿತು. ತಾನು ತಂದ ಚೀಲವನ್ನು ಅವಳು ಖಾಲಿ ಮಾಡಿ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಮಕ್ಕಳ ಬಟ್ಟೆ ತುಂಬಲಿಕ್ಕೆ.

ನಡುಮನೆಯಲ್ಲಿ ತಟ್ಟೆ ಇಟ್ಟಾಯಿತು. ಅಜ್ಜಿ ಒಳಗೆ ಬಂದು ಎದುರಿಗೆ ಕೂತಳು, ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಅತ್ತೆ ಹಿಟ್ಟು ಮುರಿದು, ಸಾರಿನಲ್ಲಿ ಅದ್ದಿ, ಮಾದೇವನ ಬಾಯಿಗೆ ಹಿಡಿದಳು. ಅವನು ಅವಳ ಮೂಗು ನೋಡುತ್ತಾ ಕೂತ. ಗೌರಿಯ ಬಾಯಿಗೆ ಹಿಡಿದಳು. ಗೌರಿ ತುಟಿ ಒತ್ತಿಕೊಂಡಳು. “ಉಣ್ಣು ನನ್ನಪ್ಪ, ಉಣ್ಣು ನನ್ನವ್ವ,” ಎಂದು ಅತ್ತೆ ಬೇಡಿಕೊಂಡಳು. ಅಜ್ಜಿ ಚೀಲವನ್ನು ಬಿಚ್ಚತೊಡಗಿದಳು. ಅತ್ತೆ ಒಂದು ಸಲ ಅಪ್ಪನನ್ನು ನೋಡಿದಳು, ಅವನು ಬೇಡ ಎಂದು ಕಣ್ಣಲ್ಲೇ ಹೇಳಿದ. ಆಮೇಲೆ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ, ತುತ್ತನ್ನು ತಟ್ಟೆಗೆ ಹಾಕಿ, ಸೆರಗು ಮೂಗಿಗೆ ಒತ್ತಿ, ಗೋಡೆಯ ಕಡೆ ತಿರುಗಿ, ಸಣ್ಣಗೆ ಒಂದು ಸೀನು ಸೀನಿದಳು. “ಮಾದಪ್ಪಾ,” ಅಂದಳು. ಮಕ್ಕಳಿಬ್ಬರೂ ಬಾಯಿ ತೆರೆದರು.

ಅಜ್ಜಿಯ ಕೈಯಿಂದ ಚೀಲ ಜಾರಿತು. ಎಲ್ಲ ಮುಗಿಯಿತು ಅಂದುಕೊಂಡೆ ನಾನು. ಆದರೆ ಅವಳು ಎದ್ದು ಹೊರಗೆ ಹೋಗಲಿಲ್ಲ. ಮಂಡಿಯೂರಿ ಅತ್ತೆಯ ಹತ್ತಿರ ಸರಿದಳು.

“ಇಂಗೆ ಸೀನಾದ ಯಾರವ್ವ ನಿನಗೆ ಕಲಿಸ್ದೋರು?”

“ಯಾರೂ ಇಲ್ಲ ಕಣವ್ವ. ಇವೇ ಐಕಳು. ಅಂಗಲ್ಲ, ಇಂಗೆ ಅಂತ ತಿದ್ದಿ ತಿದ್ದಿ ಕಲಿಸ್ದೊ.”

“ನನ್ ಮಗಳು ಕಣವ್ವ ಇದು,” ಅಂದಳು ಅಜ್ಜಿ. “ಒಲೆ ಮುಂದಿಂದ ಎದ್ದು ಉಣ್ಣಕ್ಕೆ ಇಕ್ಕಬೇಕಾದ್ರೆ ಇಂಗೇಯ. ಸಣ್ಣೋಳಾಗಿದ್ದಾಗ್ಲಿಂದ್ಲೂವೆ. ಒಂಟಿ ಸೀನು ಸೀನ್ಬ್ಯಾಡ ಕಣೆ ಅಂತ ಎಷ್ಟು ಬಯ್ದಿದ್ದೀನಿ ನಾನು. ಸೆರಗು ಮುಚ್ಕೊಂಡು, ಗೋಡೆ ಕಡೀಕ್ ತಿರೀಕೊಂಡು, ನನಗೆ ಕೇಳ್ದಂಗೆ ಸೀನಿ, ಮಾದಪ್ಪಾ ಅನ್ನೋಳು.”

ಅಪ್ಪ ಕಂಬಕ್ಕೆ ಒರಗಿದ್ದವನು ಹಾಗೇ ಜಾರಿ ನೆಲಕ್ಕೆ ಕೂತ. ಅವ್ವ ತೀರಿಕೊಂಡ ದಿನವೂ ಅಳದವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ನನಗೂ ಆಗಲೇ ಹೊಳೆದದ್ದು. ಚಿಕ್ಕವರಿಗೆ ಅವ್ವ ಮೊದಲು ಉಣ್ಣಿಸುತ್ತಿದ್ದಳು, ಆ ಹೊತ್ತಿಗೆ ಅಪ್ಪ ಹೊರಗೆ ಕೆಲಸದಲ್ಲಿರುತ್ತಿದ್ದ, ನಾನು ಗೊಂತಿನಲ್ಲಿ ಕರು ಕಟ್ಟುತ್ತಾ ಇರುತ್ತಿದ್ದೆ. ಮೋಟುಗೋಡೆಯ ಆಚೆಯಿಂದ ಆ ಸದ್ದು ಬರುತ್ತಿತ್ತು. ದಿನಾ ಕೇಳಿದ ಸದ್ದಾದ್ದರಿಂದ ನಾನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ. ಮಾತು ಸರಿಯಾಗಿ ಬಾರದ ಆ ಇಬ್ಬರು ಅದನ್ನು ಇಟ್ಟುಕೊಂಡಿದ್ದರು. ನಾವು ಹಟ ಅಂದುಕೊಂಡು ನಕ್ಕದ್ದು, ಬೈದದ್ದು, ಬಿಡಿಸಲು ನೋಡಿದ್ದು ಎಲ್ಲ ಅವರು ಅವ್ವನನ್ನು ಕರೆಯುತ್ತಿದ್ದ ರೀತಿ. ಮುಂದೆ ನಾನು ತಾಳವಾಡಿಯ ಕಡೆಯ ಒಂದು ಬಾಲವಾಡಿಯಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ತಟ್ಟೆ ಬದಲಾಯಿತೆಂದು, ಕೂರುವ ಜಾಗ ಬದಲಾಯಿತೆಂದು ರಂಪ ಮಾಡುವ ಮಕ್ಕಳನ್ನು ನಾನು ಒಂದು ದಿನವೂ ಗದರಲಿಲ್ಲ. ಸದರ ಕೊಡುತ್ತಾಳೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಎಂದು ಬಿಟ್ಟೆ.

ಅವತ್ತು ಕಟ್ಟಳೆ ಇನ್ನೂ ಮುಗಿದಿರಲಿಲ್ಲ. ಅಜ್ಜಿ ಕಣ್ಣೊರೆಸಿಕೊಂಡು ತಾನೇ ಒಂದು ತುತ್ತು ಗೌರಿಗೆ ಹಿಡಿದಳು. ಗೌರಿ ತುಟಿ ಮುಚ್ಚಿ, ಅಜ್ಜಿಯ ಮೂಗಿನ ಮೇಲೆ ಬೆರಳಿಟ್ಟಳು.

“ಆಕ್ಷಿ.”

ಬಸ್ಸು ಬಿಟ್ಟು ಮನೆಗೆ ವಾಪಸಾಗಿದ್ದ ಅಜ್ಜಿ, ಶಕುನದ ಹೆಸರಲ್ಲಿ ಮೂರು ಊರಿನವರನ್ನು ಹೆದರಿಸಿದ್ದ ಅಜ್ಜಿ, ಸೆರಗು ಮೂಗಿಗೆ ಒತ್ತಿ, ಗೋಡೆಯ ಕಡೆ ತಿರುಗಿ ಸೀನಿದಳು. ಅತ್ತೆ ಅಳುತ್ತಲೇ, “ಜೋಡಿ ಆಯ್ತು ಬುಡವ್ವ,” ಅಂದಳು. ಸಂಜೆಯ ಬಸ್ಸಿಗೆ ಅಜ್ಜಿ ಖಾಲಿ ಚೀಲ ಹಿಡಿದು ಹೊರಟಳು. ಬೇಲಿಯ ಹತ್ತಿರ ನಿಂತು ಹಿಂದಕ್ಕೆ ತಿರುಗಿದಳು. “ಮರೀಬ್ಯಾಡ ಕಣವ್ವ. ದಿನಾ ಸೀನು,” ಎಂದು ಅತ್ತೆಗೆ ಹೇಳಿದಳು.

ಅವ್ವನ ಒಂದು ಫೋಟೋವೂ ನಮ್ಮಲ್ಲಿಲ್ಲ. ಮಾದೇವನಿಗೆ ಅವಳ ಮುಖ ನೆನಪಿಲ್ಲ, ಗೌರಿಗೆ ಅವಳ ಹೆಸರು ಬಿಟ್ಟರೆ ಏನೂ ಗೊತ್ತಿಲ್ಲ. ಮಾದೇವನೂ ಈಗ ಅಜ್ಜನಾಗಿದ್ದಾನೆ. ಹೋದ ವಾರ ಹೋಗಿದ್ದಾಗ ಅವನ ಸೊಸೆ ಮೊಬೈಲಿನಲ್ಲಿ ತಮಿಳು ಹಾಡು ಹಾಕಿ ಮಗುವಿಗೆ ಉಣ್ಣಿಸಲು ನೋಡುತ್ತಿದ್ದಳು. ಮಗು ಹಾಡು ನೋಡಿತು, ಬಾಯಿ ತೆರೆಯಲಿಲ್ಲ. ಬೆನ್ನು ಬಾಗಿ, ಕಿವಿ ಮಂದವಾಗಿ ಗೋಡೆಗೊರಗಿ ಕೂತಿದ್ದ ಅತ್ತೆ ಯಾರೂ ಕರೆಯದೆ ತಟ್ಟೆಯ ಹತ್ತಿರ ಸರಿದು, ಸೆರಗು ಮೂಗಿಗೆ ಒತ್ತಿ, ಸಣ್ಣಗೆ ಸೀನಿದಳು. ಮಗು ನಕ್ಕು ಬಾಯಿ ತೆರೆಯಿತು. ಮಾದೇವ ಅದನ್ನೇ ನೋಡುತ್ತಿದ್ದವನು ನನ್ನ ಕಡೆ ತಿರುಗಿದ.

“ಅಕ್ಕ, ದಿಟ ಯೋಳು. ಅವ್ವ ಇಂಗೆಯಾ ಸೀನ್ತಿದ್ದುದ್ದು?”

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಮೋಟುಗೋಡೆ ಕಂಡಿತು, ಒಲೆಯ ಬೆಳಕು ಕಂಡಿತು, ಗೋಡೆಯ ಕಡೆ ತಿರುಗಿದ ಒಂದು ತಲೆಯೂ ಕಂಡಿತು. ಆದರೆ ಸದ್ದು ಬಂದದ್ದು ಅತ್ತೆಯದು. ಎಷ್ಟು ಹುಡುಕಿದರೂ ಅತ್ತೆಯದೇ. ಅವ್ವನ ಸೀನು ನನ್ನೊಳಗೆ ಈಗ ಬೇರೆಯಾಗಿ ಉಳಿದಿಲ್ಲ.

“ಇಂಗೆಯ ಕಣ್ಲಾ,” ಅಂದೆ.

ಅತ್ತೆಗೆ ನಮ್ಮ ಮಾತು ಕೇಳಿಸಿರಲಿಲ್ಲ. ಅವಳು ಮುಂದಿನ ತುತ್ತು ಮುರಿಯುತ್ತಿದ್ದಳು.